ವೃತ್ತದ ಹೊರಗೊಂದು ನೋಟ್‌ಪುಸ್ತಕ

ಅಮೆರಿಕದ ಉಟಾ ರಾಜ್ಯದಲ್ಲಿ ನಾವಿದ್ದದ್ದು ಆರು ವರ್ಷ. ಸಾಲ್ಟ್ ಲೇಕ್ ಸಿಟಿಯಿಂದ ದಕ್ಷಿಣಕ್ಕೆ ಮುಕ್ಕಾಲು ಗಂಟೆಯ ದಾರಿಯ ಊರು, ಎಡಬಲಕ್ಕೂ ಎದುರಿಗೂ ಮಾರ್ಮನ್ ಕುಟುಂಬಗಳೇ ಇದ್ದ ಬೀದಿ. ಮಾರ್ಮನ್ನರೆಂದರೆ ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಥದವರು. ಅಲ್ಲಿ ಕಂಡದ್ದರಲ್ಲಿ ಬಹಳಷ್ಟು ಮರೆತುಹೋಗಿದೆ, ಒಂದು ಭಾನುವಾರದ ಬೆಳಗು ಮಾತ್ರ ಬಿಡದೆ ಕಾಡುತ್ತಿದೆ. ಪಕ್ಕದ ಮನೆಯವರ ಸೊಸೆಗೆ ಹೆಣ್ಣುಮಗು ಹುಟ್ಟಿತ್ತು. ಮಗುವಿಗೆ ಹೆಸರಿಟ್ಟು ಹರಸುವ ದಿನ ನಮ್ಮನ್ನೂ ಚರ್ಚಿಗೆ ಕರೆದಿದ್ದರು. ಹೆಸರು ಕೂಗುವ ಹೊತ್ತಿಗೆ ಮಗುವಿನ ತಂದೆ, ಇಬ್ಬರು ಅಜ್ಜಂದಿರು, ಚಿಕ್ಕಪ್ಪ, ಸೋದರಮಾವಂದಿರು, ಬಿಷಪ್, ಎಲ್ಲರೂ ಎದ್ದು ಮುಂದೆ ಹೋಗಿ ವೃತ್ತವಾಗಿ ನಿಂತರು. ಎಡಗೈ ಪಕ್ಕದವನ ಭುಜದ ಮೇಲೆ, ಬಲಗೈ ಮಗುವಿನ ಅಡಿಗೆ. ಹತ್ತು ಹನ್ನೆರಡು ಕಪ್ಪು ಕೋಟುಗಳ ನಡುವಿನಿಂದ ಮಗುವಿನ ಬಿಳಿ ಉಡುಪಿನ ಅಂಚಷ್ಟೇ ಕಾಣುತ್ತಿತ್ತು. ಮಗು ಅಳದಿರಲೆಂದು ಅಷ್ಟೂ ಕೈಗಳು ಒಟ್ಟಿಗೆ ತೊಟ್ಟಿಲಿನಂತೆ ತೂಗುತ್ತಿದ್ದವು. ತಂದೆ ಕಣ್ಣು ಮುಚ್ಚಿ, ಯಾರೋ ಹಿಡಿದ ಮೈಕಿನ ಮುಂದೆ, ಬಾಯಿಗೆ ಬಂದಂತೆ ಹರಸುತ್ತ ಹೋದ. ಈ ಹರಕೆಗೆ ಸಿದ್ಧಪಾಠವಿಲ್ಲ. ಆ ಕ್ಷಣದಲ್ಲಿ ಹೊಳೆದದ್ದೇ ದೇವರ ಪ್ರೇರಣೆ ಎಂಬ ನಂಬಿಕೆ.

ಹೆತ್ತವಳು ನನ್ನ ಮುಂದಿನ ಬೆಂಚಿನಲ್ಲಿ ಕುಳಿತಿದ್ದಳು. ಹೆರಿಗೆಯಾಗಿ ಏಳು ವಾರ. ತೊಡೆಯ ಮೇಲೆ ನೋಟ್‌ಪುಸ್ತಕ ಬಿಡಿಸಿಕೊಂಡು, ತಲೆ ಎತ್ತದೆ, ಗಂಡನ ಬಾಯಿಂದ ಬಂದ ಒಂದೊಂದು ಮಾತನ್ನೂ ಬರೆದುಕೊಳ್ಳುತ್ತಿದ್ದಳು. ಅವಳಿಗೆ ಆ ವೃತ್ತದಲ್ಲಿ ಜಾಗವಿಲ್ಲ, ಏಕೆಂದರೆ ಪೌರೋಹಿತ್ಯ ಗಂಡಸರಿಗೆ ಮಾತ್ರ. ಚರ್ಚಿನ ಕಡತಕ್ಕೆ ಮಗುವಿನ ಹೆಸರು ಹೋಗುತ್ತದೆ, ಹರಕೆಯ ಮಾತುಗಳು ಹೋಗುವುದಿಲ್ಲ. ಹಾಗಾಗಿ ಆ ಹರಕೆ ಮುಂದೆ ಮಗಳ ಕೈ ಸೇರುವುದಿದ್ದರೆ ತಾಯಿಯ ಅಕ್ಷರದಲ್ಲಿಯೇ ಸೇರಬೇಕು. ನಮ್ಮ ಮನೆಯ ನಾಮಕರಣಗಳಲ್ಲಿ ಮಗು ತಾಯಿಯ ಮಡಿಲಲ್ಲಿ, ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೆಸರು ಬರೆಯುವುದು ತಂದೆ. ಇಲ್ಲಿ ಬರೆಯುವ ಕೈ ಬೇರೆಯಾಗಿತ್ತು, ಆದರೆ ಅದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ.

ಆ ನೋಟ್‌ಪುಸ್ತಕದ ಗುಂಗಿನಲ್ಲಿಯೇ ಮುಂದಿನ ವರ್ಷಗಳಲ್ಲಿ ಮಾರ್ಮನ್ ಹೆಂಗಸರು ಬರೆದದ್ದನ್ನು ಹುಡುಕಿ ಓದತೊಡಗಿದೆ. (‘ಮಾರ್ಮನ್’ ಎಂಬ ಹೆಸರನ್ನು ಬಿಟ್ಟು ತಮ್ಮ ಪೂರ್ಣ ಹೆಸರನ್ನೇ ಬಳಸಬೇಕೆಂದು 2018ರಿಂದ ಚರ್ಚು ಕೇಳಿಕೊಳ್ಳುತ್ತಿದೆ. ಆ ಹೆಸರು ಉದ್ದವಾದದ್ದು, ಓದುಗರಿಗೆ ಪರಿಚಯವಿರುವ ಹೆಸರನ್ನೇ ನಾನು ಇಟ್ಟುಕೊಂಡಿದ್ದೇನೆ.)

ಅಧ್ಯಕ್ಷತೆ ವಹಿಸುವ ಅಪ್ಪ

‘ಪಿತೃಪ್ರಧಾನ’ ಎಂಬುದು ನಮ್ಮಲ್ಲಿ ವಿಮರ್ಶಕರ ಪದ. ಹಾಗೆ ಕರೆದರೆ ಯಾವ ಮನೆಯ ಯಜಮಾನನೂ ಒಪ್ಪಿಕೊಳ್ಳುವುದಿಲ್ಲ. ಮಾರ್ಮನ್ನರಲ್ಲಿ ‘ಪೇಟ್ರಿಯಾರ್ಕ್’ ಎಂಬುದು ಒಂದು ಹುದ್ದೆ. ಊರಿನ ಒಬ್ಬ ಹಿರಿಯನಿಗೆ ಆ ಪಟ್ಟ ಕಟ್ಟುತ್ತಾರೆ. ಹದಿಹರೆಯದ ಮಕ್ಕಳು ಅವನ ಬಳಿ ಹೋಗಿ, ಇಡೀ ಬಾಳಿಗೆ ದಿಕ್ಸೂಚಿಯಾಗುವ ಆಶೀರ್ವಾದವನ್ನು ಪಡೆದು ಬರುತ್ತಾರೆ. ಆ ಆಶೀರ್ವಾದವನ್ನು ಟೈಪು ಮಾಡಿ ಒಂದು ಪ್ರತಿಯನ್ನು ಚರ್ಚಿನ ಭಂಡಾರಕ್ಕೂ ಕಳಿಸುತ್ತಾರೆ. ಅದನ್ನು ಬರೆದುಕೊಳ್ಳುವ ಲಿಪಿಕಾರರ ಕೆಲಸವನ್ನು ಎಷ್ಟೋ ಕಡೆ ಆ ಹಿರಿಯನ ಹೆಂಡತಿಯೇ ಮಾಡಿದ್ದಾಳೆ.

ಮನೆಯೊಳಗಿನ ಪದ ಇದಕ್ಕಿಂತ ಮೆತ್ತಗಿನದು. 1995ರ ಸೆಪ್ಟೆಂಬರ್ 23ರಂದು ಚರ್ಚಿನ ಅಧ್ಯಕ್ಷ ಗಾರ್ಡನ್ ಹಿಂಕ್ಲಿ ಕುಟುಂಬದ ಕುರಿತ ಘೋಷಣೆಯೊಂದನ್ನು ಓದಿದರು. ಅದರ ಪ್ರಕಾರ ತಂದೆಯಾದವನು ಪ್ರೀತಿಯಿಂದ, ಧರ್ಮದಿಂದ ಕುಟುಂಬದ ಅಧ್ಯಕ್ಷತೆ ವಹಿಸಬೇಕು; ಮಕ್ಕಳ ಪಾಲನೆ ಮುಖ್ಯವಾಗಿ ತಾಯಿಯದು; ಇಬ್ಬರೂ ಸಮಾನ ಸಂಗಾತಿಗಳು. ಈ ಘೋಷಣೆಗೆ ಚೌಕಟ್ಟು ಹಾಕಿಸಿ ಎಷ್ಟೋ ಮನೆಗಳ ನಡುಮನೆಯಲ್ಲಿ ನೇತುಹಾಕಿರುತ್ತಾರೆ. ಅದನ್ನು ಮೊದಲು ಓದಿದ್ದು ಹೆಂಗಸರ ಸಂಘವಾದ ರಿಲೀಫ್ ಸೊಸೈಟಿಯ ಮಹಾಸಭೆಯಲ್ಲಿ. ಆದರೆ ಅದನ್ನು ಸಿದ್ಧಪಡಿಸುವಾಗ ಸಂಘದ ಮುಖ್ಯಸ್ಥೆಯರನ್ನೇ ಕೇಳಿರಲಿಲ್ಲವೆಂದು ಆಗ ಆ ಮಂಡಳಿಯಲ್ಲಿದ್ದ ಚಿಯೆಕೊ ಒಕಾಜಾಕಿ ಮುಂದೊಂದು ಸಂದರ್ಶನದಲ್ಲಿ ಹೇಳಿದರು.

‘ಅಧ್ಯಕ್ಷತೆ ವಹಿಸು’ ಎಂದರೆ ಊಟದ ಮೇಜಿನಲ್ಲಿ ಏನು ಎಂಬುದನ್ನು ನಾನು ಪಕ್ಕದ ಮನೆಯಲ್ಲಿ ಕಂಡೆ. ಕನ್ನಡದಲ್ಲಿ ಆ ಮಾತು ಕೇಳಿದರೆ ಹಾರ, ಶಾಲು, ವಂದನಾರ್ಪಣೆ ನೆನಪಾಗಿ ನಗು ಬರುತ್ತದೆ. ಅಲ್ಲಿ ಅದು ಬಹಳ ಸಣ್ಣ ಸಂಗತಿ. ಬಡಿಸಿ ಆದ ಮೇಲೆ ಎಲ್ಲರೂ ಕೈ ಕಟ್ಟಿ ಕೂರುತ್ತಾರೆ, ಇಂದು ಪ್ರಾರ್ಥನೆ ಯಾರು ಹೇಳಬೇಕೆಂದು ಅಪ್ಪ ಹೆಸರು ಹಿಡಿದು ಕರೆಯುತ್ತಾನೆ, ಅವರು ಹೇಳುತ್ತಾರೆ. ಅಷ್ಟೇ. ಅಡುಗೆ ಮಾಡಿದವಳೂ ಕರೆಯುವವರೆಗೆ ಕಾಯುತ್ತಾಳೆ. ಅವರಲ್ಲಿ ಯಾರೂ ಕೆಟ್ಟವರಲ್ಲ. ಆ ಯಜಮಾನರು ಹಿಮ ಬಿದ್ದ ಮರುದಿನ ನಾವು ಏಳುವ ಮೊದಲೇ ನಮ್ಮ ಮನೆಯ ಮುಂದಿನ ಹಿಮವನ್ನೂ ಎತ್ತಿಹಾಕಿ ಹೋಗಿರುತ್ತಿದ್ದ ಮನುಷ್ಯ. ಕ್ರೌರ್ಯವಿದ್ದರೆ ಅದರ ವಿರುದ್ಧ ಬರೆಯಬಹುದು. ಇಷ್ಟು ಒಳ್ಳೆಯತನದ ನಡುವೆ ಕೂತು ‘ನನ್ನನ್ನು ಏಕೆ ಕಾಯಿಸುತ್ತೀರಿ’ ಎಂದು ಬರೆಯಲು ಎಂತಹ ಭಾಷೆ ಬೇಕಾದೀತು?

ಎಮ್ಮಾಳಿಗೆ ಸಿಕ್ಕ ಎರಡು ಆಜ್ಞೆಗಳು

ಈ ಧರ್ಮ ಹುಟ್ಟಿದ್ದೇ ಬರವಣಿಗೆಯಿಂದ. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಚರ್ಚು ಸ್ಥಾಪನೆಯಾದ ದಿನವೇ, ನಿಮ್ಮಲ್ಲಿ ದಾಖಲೆ ಇಡತಕ್ಕದ್ದು ಎಂಬ ದೈವವಾಣಿ ಬಂದಿತು. ಅದಕ್ಕೂ ಮೊದಲು ಸ್ಥಾಪಕ ಜೋಸೆಫ್ ಸ್ಮಿತ್ ತನ್ನ ಗ್ರಂಥವನ್ನು ಬಾಯಿಯಿಂದ ಹೇಳುತ್ತಿದ್ದಾಗ ಬರೆದುಕೊಂಡವರಲ್ಲಿ ಅವನ ಹೆಂಡತಿ ಎಮ್ಮಾಳೂ ಇದ್ದಳು. 1830ರ ಜುಲೈಯಲ್ಲಿ ಎಮ್ಮಾಳ ಹೆಸರಿಗೇ ಒಂದು ವಾಣಿ ಬಂದಿತು. ಕಾಣದ ಸಂಗತಿಗಳ ಬಗ್ಗೆ ಗೊಣಗಬೇಡ, ಗಂಡನ ಕಷ್ಟದಲ್ಲಿ ಸಮಾಧಾನ ಹೇಳು ಎಂಬ ಮಾತುಗಳ ಜೊತೆಗೆ, ನಿನ್ನ ಸಮಯವನ್ನು ಬರೆಯುವುದಕ್ಕೂ ಹೆಚ್ಚು ಕಲಿಯುವುದಕ್ಕೂ ಕೊಡು ಎಂದೂ ಅದರಲ್ಲಿದೆ. ಹೆಂಗಸೊಬ್ಬಳಿಗೆ ದೇವರೇ ‘ಬರೆ’ ಎಂದು ಹೇಳಿದ ಈ ಸಾಲು ಇಂದಿಗೂ ಅವರ ಶಾಸ್ತ್ರಗ್ರಂಥದಲ್ಲಿದೆ.

ಅದೇ ಗ್ರಂಥದ ಹಿಂಭಾಗದಲ್ಲಿ ಎಮ್ಮಾಳ ಹೆಸರು ಮತ್ತೊಮ್ಮೆ ಬರುತ್ತದೆ. 1843ರ ಜುಲೈ 12ರಂದು ಇಲಿನಾಯ್ ರಾಜ್ಯದ ‘ನಾವೂ’ ಎಂಬ ಪಟ್ಟಣದಲ್ಲಿ ಜೋಸೆಫ್ ಬರೆಸಿದ, ಬಹುಪತ್ನಿತ್ವವನ್ನು ವಿಧಿಸುವ ವಾಣಿ ಅದು. ಎಮ್ಮಾ ಗಂಡನಿಗೆ ಅಂಟಿಕೊಂಡು ಇರಬೇಕು, ಈ ಆಜ್ಞೆಗೆ ಬದ್ಧಳಾಗದಿದ್ದರೆ ನಾಶವಾಗುತ್ತಾಳೆ ಎಂದು ಅದು ಹೇಳುತ್ತದೆ. ಅದನ್ನು ಬರೆದುಕೊಂಡವನ ಹೇಳಿಕೆಯಂತೆ, ಎಮ್ಮಾ ಹಟ ಹಿಡಿದಿದ್ದರಿಂದ ಮೂಲ ಪ್ರತಿಯನ್ನು ನಾಶಮಾಡಲು ಜೋಸೆಫ್ ಒಪ್ಪಿಕೊಂಡ. ಆದರೆ ಅಷ್ಟರಲ್ಲಿ ಇನ್ನೊಂದು ಪ್ರತಿ ತಯಾರಾಗಿತ್ತು. ನನಗೆ ಇಲ್ಲಿ ಕಾಣುವುದು ಇದು: ಬರೆಯಲು ಆಜ್ಞೆ ಪಡೆದ ಹೆಂಗಸು ಕೊನೆಗೆ ಮಾಡಬಹುದಾಗಿದ್ದದ್ದು ಬರೆದದ್ದನ್ನು ಸುಡುವುದನ್ನು ಮಾತ್ರ, ಅದೂ ಫಲಿಸಲಿಲ್ಲ. ಮುಂದೆ ಸಮುದಾಯ ಪಶ್ಚಿಮಕ್ಕೆ ಗುಳೆ ಹೊರಟಾಗ ಎಮ್ಮಾ ಉಟಾಗೆ ಬರಲಿಲ್ಲ. ಆತ್ಮಕಥೆಯನ್ನೂ ಬರೆಯಲಿಲ್ಲ.

ಬರೆದವಳು ಅವಳ ಅತ್ತೆ. ಜೋಸೆಫನ ತಾಯಿ ಲೂಸಿ ಮ್ಯಾಕ್ ಸ್ಮಿತ್, ಮಗ ಕೊಲೆಯಾದ ಮೇಲೆ, 1844-45ರಲ್ಲಿ, ತನ್ನ ಕುಟುಂಬದ ಕಥೆಯನ್ನು ಇನ್ನೊಬ್ಬ ಹೆಂಗಸಿನ ಕೈಯಲ್ಲಿ ಬರೆಸಿದಳು. 1853ರಲ್ಲಿ ಅದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಅಚ್ಚಾಯಿತು. 1865ರಲ್ಲಿ, ಜೋಸೆಫನ ನಂತರ ಚರ್ಚಿನ ಮುಖ್ಯಸ್ಥನಾಗಿದ್ದ ಬ್ರಿಗಮ್ ಯಂಗ್ ಅದರ ಪ್ರತಿಗಳನ್ನು ವಾಪಸು ತರಿಸಿ ನಾಶಮಾಡಲು ಆಜ್ಞೆ ಹೊರಡಿಸಿದ. ಪ್ರವಾದಿಯ ಸ್ವಂತ ತಾಯಿಯ ಪುಸ್ತಕಕ್ಕೇ ಈ ಗತಿ. ಲೂಸಿಯ ಪುಸ್ತಕ ಮತ್ತೆ ಕೆಳಗೆ ಬರುತ್ತದೆ, ನೆನಪಿರಲಿ.

ಒಂದೇ ಕೈ, ಎರಡು ಹೆಸರು

ನಾನು ಹೆಚ್ಚು ಹೊತ್ತು ಕಳೆದದ್ದು ಎಮ್ಮಲಿನ್ ವೆಲ್ಸ್ ಜೊತೆ. 1828ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿ, ಹದಿನೈದಕ್ಕೆ ಮದುವೆಯಾಗಿ, ಮೊದಲ ಮಗುವನ್ನು ಕಳೆದುಕೊಂಡು, ಗಂಡ ಬಿಟ್ಟುಹೋಗಿ, ಮತ್ತೊಬ್ಬರ ಬಹುಪತ್ನಿಯರಲ್ಲಿ ಒಬ್ಬಳಾಗಿ, ಅವರೂ ತೀರಿಹೋಗಿ, 1852ರಲ್ಲಿ ಡೇನಿಯಲ್ ವೆಲ್ಸ್ ಎಂಬ ದೊಡ್ಡ ಮನುಷ್ಯನ ಏಳನೆಯ ಹೆಂಡತಿಯಾದವಳು. ಆತ ಬ್ರಿಗಮ್ ಯಂಗನ ಬಲಗೈ, ಸಾಲ್ಟ್ ಲೇಕ್ ಸಿಟಿಯ ಮೇಯರ್. ಉಳಿದ ಹೆಂಡತಿಯರು ದೊಡ್ಡ ಮನೆಯಲ್ಲಿದ್ದರೆ ಎಮ್ಮಲಿನ್ ತನ್ನ ಹೆಣ್ಣುಮಕ್ಕಳೊಂದಿಗೆ ಬೇರೆಯೇ ಒಂದು ಮನೆಯಲ್ಲಿದ್ದಳು. ಇಂತಹ ಹೆಂಡತಿಯರನ್ನು ಇಂಗ್ಲಿಷಿನಲ್ಲಿ ‘ಸಿಸ್ಟರ್ ವೈಫ್’ ಎನ್ನುತ್ತಾರೆ. ನಮ್ಮ ‘ಸವತಿ’ಯೊಳಗಿನ ಕಹಿ ಆ ಪದದಲ್ಲಿಲ್ಲ, ಆ ಕಹಿಯನ್ನು ಅವರ ದಿನಚರಿಗಳಲ್ಲಿ ಹುಡುಕಬೇಕು. ಸಾವಿರಾರು ಹೆರಿಗೆ ಮಾಡಿಸಿದ ಸೂಲಗಿತ್ತಿ ಪ್ಯಾಟಿ ಸೆಷನ್ಸ್, ಪಶ್ಚಿಮಕ್ಕೆ ಗುಳೆ ಹೊರಟ ದಿನಗಳ ದಿನಚರಿಯಲ್ಲಿ ಇಂದು ಯಾರಿಗೆ ಹೆರಿಗೆ, ಹವೆ ಹೇಗಿತ್ತು ಎಂದು ಚುಟುಕಾಗಿ ಬರೆಯುತ್ತ ಬರೆಯುತ್ತ, ನಡುವೆ, ಗಂಡನ ಹೊಸ ಹೆಂಡತಿಯ ವಿಷಯ ಬಂದಾಗ, ತನಗೆ ಸಂಕಟವಾಗುತ್ತಿದೆಯೆಂದು ಅಷ್ಟೇ ಚುಟುಕಾಗಿ ಬರೆದಿಡುತ್ತಾಳೆ.

ಎಮ್ಮಲಿನ್ ಚುಟುಕಿನವಳಲ್ಲ. ಅವಳು ಬಿಟ್ಟುಹೋದ ದಿನಚರಿಗಳು 47. 1874ರ ಸೆಪ್ಟೆಂಬರ್ 30ರ ಪುಟದಲ್ಲಿ ಅವಳ ಅಳಲಿದೆ: ಗಂಡ ತನ್ನನ್ನು ಒಂದಿಷ್ಟಾದರೂ ಪ್ರೀತಿಸಬಾರದೇ, ಇಷ್ಟೊಂದು ಉದಾಸೀನವಾಗಿರಬೇಕೇ ಎಂದು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಅಕ್ಟೋಬರ್ 1ರ ‘ವುಮನ್ಸ್ ಎಕ್ಸ್‌ಪೊನೆಂಟ್’ ಪತ್ರಿಕೆಯಲ್ಲಿ, ಬ್ಲಾಂಚ್ ಬೀಚ್‌ವುಡ್ ಎಂಬ ಹೆಸರಿನಲ್ಲಿ ಒಂದು ಲೇಖನ ಬಂದಿತು. ಗಂಡಸಿನ ಮುದ್ದು ಮಾತಿಗಾಗಿ ಹಂಬಲಿಸುವುದಲ್ಲದೆ ಹೆಂಗಸಿನ ಬಾಳಿಗೆ ಬೇರೆ ಅರ್ಥವಿಲ್ಲವೇ, ಒಳ್ಳೆಯ ಗಂಡಸರಿಗೆ ಗೌರವ ಸಲ್ಲಲಿ, ಆದರೆ ಲೋಕದಲ್ಲಿ ಸುಖಕ್ಕೆ ಅವರೊಬ್ಬರೇ ಮೂಲವಲ್ಲ ಎಂಬುದು ಅದರ ಧಾಟಿ. ಬ್ಲಾಂಚ್ ಬೀಚ್‌ವುಡ್ ಎಂದರೆ ಎಮ್ಮಲಿನ್ನೇ.

ಇದನ್ನು ಇಬ್ಬಂದಿತನ ಎಂದು ತಳ್ಳಿಹಾಕುವವರಿದ್ದಾರೆ. 1872ರಲ್ಲಿ ಆರಂಭವಾದ ಆ ಪತ್ರಿಕೆಗೆ ಅವಳು 1877ರಿಂದ 1914ರವರೆಗೆ ಸಂಪಾದಕಿ. ವರ್ಷಗಟ್ಟಲೆ ಬಹುಪತ್ನಿತ್ವವನ್ನು ಹೊರಗಿನವರ ಎದುರು ಸಮರ್ಥಿಸಿಕೊಂಡಳು, ಅದೇ ಉಸಿರಿನಲ್ಲಿ ಹೆಂಗಸರ ಮತದಾನಕ್ಕಾಗಿ ಹೋರಾಡಿದಳು. ಉಟಾದ ಹೆಂಗಸರಿಗೆ 1870ರಲ್ಲೇ ಮತದ ಹಕ್ಕು ಸಿಕ್ಕಿತ್ತು, 1887ರಲ್ಲಿ ಅಮೆರಿಕದ ಸಂಸತ್ತು ಬಹುಪತ್ನಿತ್ವವನ್ನು ಹತ್ತಿಕ್ಕುವ ಕಾನೂನಿನಲ್ಲಿ ಅದನ್ನೂ ಕಿತ್ತುಕೊಂಡಿತು. ಆದರೆ ದಿನಚರಿಯನ್ನೂ ಲೇಖನವನ್ನೂ ಪಕ್ಕಪಕ್ಕ ಇಟ್ಟು ಓದಿದ ಮೇಲೆ ನನಗೆ ಇಬ್ಬಂದಿತನ ಕಾಣಿಸಲಿಲ್ಲ. ಬಾರದ ಗಂಡನಿಗಾಗಿ ಕಾದು ಕಾದು ಬರೆದ ಪುಟದಿಂದಲೇ ‘ಕಾಯಬೇಡಿ’ ಎಂಬ ಲೇಖನ ಹುಟ್ಟಿದೆ. ನೋವನ್ನು ಮನೆಯ ಹೆಸರಿನಲ್ಲಿ ಬರೆದರೆ ಅದು ದೂರು, ಇಡೀ ಸಮುದಾಯಕ್ಕೆ ಕಳಂಕ. ಬೇರೆ ಹೆಸರಿನಲ್ಲಿ ಬರೆದರೆ ವಿಚಾರ. ಅವಳು ಆ ದಾರಿಯನ್ನು ಆರಿಸಿಕೊಂಡಳು.

ಬಹುಪತ್ನಿತ್ವವನ್ನು ಚರ್ಚು 1890ರಲ್ಲಿ ಕೈಬಿಟ್ಟಿತು ಎಂದು ಶಾಲೆಯ ಪುಸ್ತಕಗಳು ಮುಗಿಸುತ್ತವೆ. ಮನೆಗಳಲ್ಲಿ ಅದು ಮುಗಿದಿಲ್ಲ. ದೇವಾಲಯದಲ್ಲಿ ಆಗುವ ಮದುವೆ ಸಾವಿನಾಚೆಗೂ ನಡೆಯುತ್ತದೆಂಬ ನಂಬಿಕೆ ಅವರದು. ಹೆಂಡತಿ ಸತ್ತವನು ಎರಡನೆಯವಳನ್ನೂ ಶಾಶ್ವತವಾಗಿ ಕಟ್ಟಿಕೊಳ್ಳಬಹುದು, ಬದುಕಿರುವ ಹೆಂಗಸನ್ನು ಮಾತ್ರ ಒಬ್ಬನಿಗಷ್ಟೇ ಕಟ್ಟುತ್ತಾರೆ. ಕವಿ, ನಾಟಕಕಾರ್ತಿ ಕ್ಯಾರಲ್ ಲಿನ್ ಪಿಯರ್ಸನ್ 2016ರಲ್ಲಿ ಈ ಭಯದ ಬಗ್ಗೆಯೇ ಒಂದು ಪುಸ್ತಕ ಬರೆದರು. ಅದನ್ನು ಓದುವ ಮೊದಲೇ ನಾನು ಈ ಭಯವನ್ನು ಕೇಳಿದ್ದೆ. ಸೆಪ್ಟೆಂಬರಿನಲ್ಲಿ ಪಕ್ಕದ ಮನೆಯಾಕೆ ಪೀಚ್ ಹಣ್ಣುಗಳನ್ನು ಬಾಟಲಿಗೆ ತುಂಬುವಾಗ ನಾನೂ ಸಹಾಯಕ್ಕೆ ಹೋಗುತ್ತಿದ್ದೆ. ಕುದಿನೀರಿನಲ್ಲಿ ಅದ್ದಿ ತೆಗೆದ ಹಣ್ಣಿನ ಸಿಪ್ಪೆಯನ್ನು ಒಂದೇ ಎಳೆತಕ್ಕೆ ಜಾರಿಸುತ್ತ ಅವರು, “ನಾನು ಮೊದಲು ಹೋದರೆ ಇವರು ವರ್ಷದೊಳಗೆ ಮದುವೆಯಾಗುತ್ತಾರೆ, ಅಡುಗೆ ಬರುವುದಿಲ್ಲವಲ್ಲ. ಆಮೇಲೆ ನಾನು ಅವಳ ಜೊತೆ ಎಷ್ಟು ಕಾಲ ಇರಬೇಕು ಗೊತ್ತೇ? ಕೊನೆಯೇ ಇಲ್ಲ” ಎಂದು ನಕ್ಕರು. ಜೊತೆಗಿದ್ದ ಇಬ್ಬರು ನೆರೆಯವರು ನಗಲಿಲ್ಲ.

ಇಸ್ತ್ರಿ ಬಟ್ಟೆಯ ಕೆಳಗೆ

ಗುಟ್ಟಾಗಿ ಬರೆದವರೂ ಇದ್ದರು. ಸೇಂಟ್ ಜಾರ್ಜ್ ಎಂಬ ಮರುಭೂಮಿಯ ಊರಿನ ಗೃಹಿಣಿ ವಾನೀಟಾ ಬ್ರೂಕ್ಸ್, 1857ರಲ್ಲಿ ತನ್ನ ಸಮುದಾಯದವರೇ ನಡೆಸಿದ ಮೌಂಟನ್ ಮೆಡೋಸ್ ಹತ್ಯಾಕಾಂಡದ ಇತಿಹಾಸವನ್ನು ಬರೆಯುತ್ತಿದ್ದಾಗ ಇಸ್ತ್ರಿ ಮಾಡಬೇಕಾದ ಬಟ್ಟೆಗಳನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತಿದ್ದರಂತೆ. ಬಾಗಿಲು ಬಡಿದ ಸದ್ದಾದರೆ ಟೈಪ್‌ರೈಟರಿನ ಮೇಲೆ ಬಟ್ಟೆ ಮುಚ್ಚಿ, ಇಸ್ತ್ರಿ ಮಾಡುತ್ತಿದ್ದವರಂತೆ ಬಾಗಿಲು ತೆರೆಯುತ್ತಿದ್ದರಂತೆ. ಪುಸ್ತಕ 1950ರಲ್ಲಿ ಬಂದಿತು. ಬಹಿಷ್ಕಾರವಾಗಲಿಲ್ಲ, ಜನ ಮುಖ ತಿರುಗಿಸಿಕೊಂಡರು. ಅದಕ್ಕಿಂತ ಐದು ವರ್ಷ ಮೊದಲು ಜೋಸೆಫ್ ಸ್ಮಿತ್ತನ ಜೀವನಚರಿತ್ರೆಯನ್ನು ಬರೆದ ಫಾನ್ ಬ್ರೋಡಿಯನ್ನು 1946ರಲ್ಲಿ ಚರ್ಚು ಹೊರಹಾಕಿತ್ತು.

1970ರ ದಶಕದಲ್ಲಿ ಬಾಸ್ಟನ್ ಸುತ್ತಮುತ್ತ, ಗಂಡಂದಿರ ಓದು ನೌಕರಿಗಳಿಗಾಗಿ ಬಂದು ನೆಲೆಸಿದ್ದ, ಕೈಗೂಸುಗಳ ಮಾರ್ಮನ್ ತಾಯಂದಿರ ಒಂದು ಗುಂಪಿಗೆ ಹಾರ್ವರ್ಡಿನ ಗ್ರಂಥಾಲಯದಲ್ಲಿ ಎಮ್ಮಲಿನ್‌ಳ ಹಳೆಯ ಪತ್ರಿಕೆಯ ಸಂಪುಟಗಳು ಸಿಕ್ಕವು. ತಮ್ಮ ಮುತ್ತಜ್ಜಿಯರು ನೂರು ವರ್ಷ ಹಿಂದೆಯೇ ಇಷ್ಟು ಗಟ್ಟಿಯಾಗಿ ಮಾತಾಡಿದ್ದರೆಂಬುದು ಅವರಿಗೆ ಯಾರೂ ಹೇಳದ ವಿಷಯವಾಗಿತ್ತು. 1974ರಲ್ಲಿ ‘ಎಕ್ಸ್‌ಪೊನೆಂಟ್ ಟೂ’ ಎಂದು ಅದೇ ಹೆಸರಿನ ಮುಂದುವರಿಕೆಯಾಗಿ ಪತ್ರಿಕೆ ಹೊರಡಿಸಿದರು. ಆ ಗುಂಪಿನಲ್ಲಿದ್ದ ಲಾರೆಲ್ ಥ್ಯಾಚರ್ ಅಲ್ರಿಕ್, ಐದು ಮಕ್ಕಳ ತಾಯಿ, ಮುಂದೆ ಮೇಯ್ನ್ ರಾಜ್ಯದ ಮಾರ್ಥಾ ಬ್ಯಾಲರ್ಡ್ ಎಂಬ ಸೂಲಗಿತ್ತಿಯ 1785ರಿಂದ 1812ರವರೆಗಿನ ದಿನಚರಿಯನ್ನು ಓದಿ ಬರೆದ ಪುಸ್ತಕಕ್ಕೆ 1991ರ ಪುಲಿಟ್ಜರ್ ಬಂದಿತು. ಮಾರ್ಥಾ ಮಾರ್ಮನ್ ಅಲ್ಲ. ಆದರೆ ಬೀಜ ಬಿತ್ತಿದ್ದು, ಬಟ್ಟೆ ಒಗೆದದ್ದು, ಹೆರಿಗೆ ಮಾಡಿಸಿದ್ದೇ ತುಂಬಿದ ಆ ದಿನಚರಿಯನ್ನು ಹಿಂದಿನ ಚರಿತ್ರಕಾರರು ಕ್ಷುಲ್ಲಕವೆಂದು ಪಕ್ಕಕ್ಕಿಟ್ಟಿದ್ದಾಗ, ಅದರ ಒಂದೊಂದು ಸಾಲನ್ನೂ ಓದುವ ತಾಳ್ಮೆ ದಿನಚರಿ ಬರೆಯುವುದು ಧರ್ಮವೆಂದೇ ಬೆಳೆದವರಿಗೆ ಸುಲಭವಾಗಿ ಬಂದಿರಬೇಕೆಂದು ನನ್ನ ಅನಿಸಿಕೆ.

ಶಿಕ್ಷೆಯ ಕಾಲವೂ ಬಂದಿತು. ಹೆಂಗಸರ ಸಮಾನ ಹಕ್ಕಿನ ಸಂವಿಧಾನ ತಿದ್ದುಪಡಿಗಾಗಿ ಚರ್ಚಿನ ವಿರುದ್ಧವೇ ನಿಂತ ಸೋನಿಯಾ ಜಾನ್ಸನ್ನರಿಗೆ 1979ರ ಡಿಸೆಂಬರಿನಲ್ಲಿ ಬಹಿಷ್ಕಾರವಾಯಿತು. 1993ರ ಸೆಪ್ಟೆಂಬರಿನಲ್ಲಿ ಆರು ಮಂದಿ ಬರಹಗಾರರ ಮೇಲೆ ಒಂದೇ ತಿಂಗಳಲ್ಲಿ ಕ್ರಮವಾಯಿತು, ಅವರಲ್ಲಿ ಮೂವರು ಹೆಂಗಸರು. ಲವೀನಾ ಫೀಲ್ಡಿಂಗ್ ಆಂಡರ್ಸನ್ ಅವರಲ್ಲೊಬ್ಬರು. ವೃತ್ತಿಯಿಂದ ಸಂಪಾದಕಿ. ಚರ್ಚಿನ ಅಧಿಕಾರಿಗಳು ಬರಹಗಾರರನ್ನು ಕರೆಸಿ ಬೆದರಿಸಿದ ಪ್ರಸಂಗಗಳನ್ನು ತಾರೀಖುವಾರು ಪಟ್ಟಿ ಮಾಡಿ ಪ್ರಕಟಿಸಿದ್ದೇ ಅವರ ಅಪರಾಧ. ಯಾವ ದಾಖಲೆಯನ್ನು ಇಡಬೇಕೆಂದು ಆ ಧರ್ಮ ಹುಟ್ಟಿದ ದಿನವೇ ವಿಧಿಸಿತ್ತೋ ಅಂತಹ ದಾಖಲೆಯನ್ನೇ ಅವರು ಇಟ್ಟಿದ್ದರು. ಹೊರಹಾಕಿದ ಮೇಲೆ ಅವರು ಏನು ಮಾಡಿದರೆಂದರೆ, ಅದೇ ಚರ್ಚಿಗೆ ಭಾನುವಾರದಿಂದ ಭಾನುವಾರಕ್ಕೆ, ದಶಕಗಟ್ಟಲೆ ಹೋಗಿ ಕುಳಿತರು. ಪ್ರಸಾದ ತೆಗೆದುಕೊಳ್ಳುವ ಹಾಗಿಲ್ಲ, ತಟ್ಟೆಯನ್ನು ಮುಂದಿನವರಿಗೆ ದಾಟಿಸುವುದು. ಆ ತಟ್ಟೆಯನ್ನು ಹಿಡಿದು ಬರುವವರು ಸಾಮಾನ್ಯವಾಗಿ ಹನ್ನೆರಡು ಹದಿಮೂರರ ಹುಡುಗರು, ಪೌರೋಹಿತ್ಯದ ಮೊದಲ ಮೆಟ್ಟಿಲು ಅವರಿಗೆ ಆ ವಯಸ್ಸಿಗೇ ಸಿಗುತ್ತದೆ. 2001ರಲ್ಲಿ ಲವೀನಾ, ಬ್ರಿಗಮ್ ಯಂಗ್ ಅಳಿಸಲು ಹೊರಟಿದ್ದ ಲೂಸಿಯ ಪುಸ್ತಕದ ಹಸ್ತಪ್ರತಿಯನ್ನೂ ಅಚ್ಚಾದ ಪಾಠವನ್ನೂ ಎದುರುಬದುರಿಟ್ಟು ಪರಿಷ್ಕರಿಸಿ ಪ್ರಕಟಿಸಿದರು. 2019ರಲ್ಲಿ ಮತ್ತೆ ದೀಕ್ಷೆ ಕೇಳಿದರು. ಸ್ಥಳೀಯ ಮುಖಂಡರು ಒಪ್ಪಿದ್ದರೂ ಮೇಲಿನವರು ನಿರಾಕರಿಸಿದರು. 2023ರಲ್ಲಿ ತೀರಿಕೊಂಡರು.

ಸೋನಿಯಾರ ಸಿಟ್ಟು ನನಗೆ ಅರ್ಥವಾಗುತ್ತದೆ. ಲವೀನಾರ ಆ ಕೂರುವಿಕೆ ಎಷ್ಟು ಯೋಚಿಸಿದರೂ ಪೂರ್ತಿ ಅರ್ಥವಾಗುವುದಿಲ್ಲ, ಆದರೆ ಹೆಚ್ಚು ಕಾಡುವುದು ಅದೇ.

ಬರೆಯದೆ ಬಿಟ್ಟದ್ದು

ಲೇಖಕಿ ಟೆರಿ ಟೆಂಪೆಸ್ಟ್ ವಿಲಿಯಮ್ಸ್ 2012ರಲ್ಲಿ ತಮ್ಮ ತಾಯಿಯ ಬಗ್ಗೆ ಬರೆದ ಪುಸ್ತಕದ ಸಂಗತಿ ಅನೇಕರಿಗೆ ಗೊತ್ತಿದೆ. 1987ರಲ್ಲಿ ಸಾಯುವ ಮುನ್ನ ತಾಯಿ ತನ್ನ ದಿನಚರಿಗಳನ್ನೆಲ್ಲ ಮಗಳಿಗೆ ಬಿಟ್ಟರು, ತಾನು ಹೋದ ಮೇಲೆಯೇ ತೆರೆಯಬೇಕೆಂದು ಮಾತು ತೆಗೆದುಕೊಂಡು. ಮೂರು ಕಪಾಟಿನ ಸಾಲು ತುಂಬ ಅಂದವಾದ ಬಟ್ಟೆಯ ರಟ್ಟಿನ ಪುಸ್ತಕಗಳು. ಒಂದೊಂದನ್ನೇ ತೆರೆದರೆ ಎಲ್ಲವೂ ಖಾಲಿ. ಮಕ್ಕಳನ್ನು ಹೆರುವುದೂ ದಿನಚರಿ ಬರೆಯುವುದೂ ಹೆಂಗಸಿನ ಕರ್ತವ್ಯವೆನ್ನುವ ಮನೆತನದಲ್ಲಿ, ಪುಸ್ತಕ ಕೊಂಡು, ಜೋಡಿಸಿಟ್ಟು, ಒಂದಕ್ಷರವನ್ನೂ ಬರೆಯದ ತಾಯಿ. ಮೊದಲ ಸಲ ಓದಿದಾಗ ಇದನ್ನು ಸೋಲೆಂದುಕೊಂಡೆ. ಈಗ ಹಾಗನ್ನಿಸುವುದಿಲ್ಲ.

ಹಾಗನ್ನಿಸದಿರಲು ಪೀಚ್ ಬಾಟಲಿಗಳನ್ನು ಜೋಡಿಸಲು ನೆಲಮಾಳಿಗೆಗೆ ಇಳಿದ ಒಂದು ಸಂಜೆ ಕಾರಣ. ಗೋಧಿಯ ಡಬ್ಬಗಳ, ಬೀನ್ಸ್ ಡಬ್ಬಗಳ ಪಕ್ಕದ ಕಪಾಟಿನಲ್ಲಿ ಪಕ್ಕದ ಮನೆಯಾಕೆಯ ತಾಯಿಯ ದಿನಚರಿಗಳಿದ್ದವು. ಒಂದನ್ನು ತೆಗೆದು ತೋರಿಸಿದರು. ಹವೆ, ಟೊಮೆಟೊ, ಮಗನಿಗೆ ಜ್ವರ, ರಿಲೀಫ್ ಸೊಸೈಟಿಯ ಪಾಠ. ಇದ್ದಕ್ಕಿದ್ದಂತೆ ಹನ್ನೊಂದು ದಿನ ಏನೂ ಇಲ್ಲ. ಮತ್ತೆ ಟೊಮೆಟೊ. “ಅಪ್ಪ ಏನಾದರೂ ಅಂದ ಮೇಲೆ ಅಮ್ಮ ಬರೆಯುತ್ತಿರಲಿಲ್ಲ. ಸುಳ್ಳು ಬರೆಯಲು ಮನಸ್ಸಿಲ್ಲ, ನಿಜ ಬರೆಯಲು ಮಕ್ಕಳು ಓದುತ್ತಾರೆಂಬ ಭಯ. ನಾವು ಅಕ್ಕತಂಗಿಯರು ಖಾಲಿ ದಿನಗಳನ್ನು ಎಣಿಸಿ ಎಷ್ಟು ದೊಡ್ಡ ಜಗಳವೆಂದು ಲೆಕ್ಕ ಹಾಕುತ್ತೇವೆ” ಎಂದರು. ಆಮೇಲೆ ಬಾಟಲಿಗಳ ಮುಚ್ಚಳದ ಮೇಲೆ ಇಸವಿ ಬರೆಯಲು ನನ್ನ ಕೈಗೆ ಪೆನ್ನು ಕೊಟ್ಟರು.

ನಾವು ಊರು ಬಿಡುವ ವಾರ ಆ ಸೊಸೆ ಊಟಕ್ಕೆ ಕರೆದಿದ್ದಳು. ಮಗುವಿಗೆ ಮೂರು ತುಂಬಿತ್ತು. ಹೆಸರಿಟ್ಟ ದಿನದ ನೋಟ್‌ಪುಸ್ತಕ ಇದೆಯೇ ಎಂದು ಕೇಳಿದೆ. ಅದನ್ನು ಒಳ್ಳೆಯ ಕಾಗದದ ಮೇಲೆ ನಕಲು ಮಾಡಿ ಮಗುವಿನ ಆಲ್ಬಮ್ಮಿಗೆ ಅಂಟಿಸಿದ್ದಳು, ತಂದುಕೊಟ್ಟಳು. ಆರೋಗ್ಯ, ನಂಬಿಕೆ, ದೇವಾಲಯದಲ್ಲಿ ಮದುವೆ, ತಾಯ್ತನ. ನಡುವೆ ಒಂದು ಸಾಲು: ಇವಳು ತನಗೆ ಅನ್ನಿಸಿದ್ದನ್ನು ಹೇಳುವವಳಾಗಲಿ, ಅದನ್ನು ಕೇಳುವ ಜನ ಇವಳಿಗೆ ಸಿಗಲಿ. ನನಗೆ ಆ ದಿನ ಈ ಮಾತು ಕೇಳಿದ ನೆನಪಿರಲಿಲ್ಲ. ನನ್ನ ಬೆರಳು ಅಲ್ಲಿ ನಿಂತದ್ದನ್ನು ನೋಡಿ ಅವಳು ಅಡುಗೆಮನೆಯ ಕಡೆಗೊಮ್ಮೆ ತಿರುಗಿ, ದನಿ ತಗ್ಗಿಸಿದಳು.

“ಅಲ್ಲಿ ಮಗು ಅತ್ತಿತ್ತು, ಅವರು ಏನು ಹೇಳಿದರೋ ಕೇಳಿಸಲಿಲ್ಲ. ಜಾಗ ಖಾಲಿ ಇತ್ತು, ಬರೆದೆ. ಈಗ ಕೇಳಿದರೆ ಅವರೂ ತಾವೇ ಹೇಳಿದ್ದು ಎನ್ನುತ್ತಾರೆ.”